ಆಶ್ವಿನದ ಬಿಸಿಲು, ಮಾಳಿಗೆಯ ಕಾಳು

ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುವ ಹಸ್ತ ಮಳೆಯು ತನ್ನ ಪಾಲನ್ನು ಸುರಿಸಿ ಹಿಂದೆ ಸರಿದು, ನೈಋತ್ಯದಿಂದ ಬೀಸುತ್ತಿದ್ದ ತೇವದ ಗಾಳಿ ಕುಗ್ಗಿ, ಮೂಡಣದ ಒಣಗಾಳಿ ಮೆಲ್ಲನೆ ತಲೆಯೆತ್ತುವ ದಿನಗಳಲ್ಲಿ, ಯಾದಗಿರಿ ತಾಲೂಕಿನ ರಾಮಸಮುದ್ರದ ಮಾಳಿಗೆಗಳನ್ನು ಎತ್ತರದಲ್ಲಿ ನಿಂತು ನೋಡುವವನಿಗೆ ಊರಿಗೆ ಊರೇ ತನ್ನ ಒಳಗನ್ನು ಹೊರಗೆ ಹರಡಿಕೊಂಡು ಕುಳಿತಂತೆ ಕಾಣುತ್ತದೆ. ಒಂದು ಮಾಳಿಗೆಯ ಮೇಲೆ ಹೆಸರು, ಮತ್ತೊಂದರ ಮೇಲೆ ಉದ್ದು, ಅಂಗಳದಲ್ಲಿ ಆಗತಾನೆ ಕಿತ್ತು ತಂದ ಶೇಂಗಾ, ಕಟ್ಟೆಯ ಮೇಲೆ ಹೆಚ್ಚಿ ಉಪ್ಪು ಸವರಿದ ಚವಳಿಕಾಯಿ, ಗೋಡೆಯುದ್ದಕ್ಕೂ ತೊಳೆದು ಹಾಕಿದ ಕೌದಿಗಳು. ಈ ಕೆಲಸಗಳನ್ನೆಲ್ಲ ನಾವು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತೇವೆ. ಸುಗ್ಗಿಯೆನ್ನುತ್ತೇವೆ, ಹಬ್ಬದ ಸಾರಣೆ-ಕಾರಣೆಯೆನ್ನುತ್ತೇವೆ, ಅಡುಗೆಮನೆಯ ತಯಾರಿಯೆನ್ನುತ್ತೇವೆ. ಆದರೆ ಭೌತಶಾಸ್ತ್ರದ ಕಣ್ಣಿನಿಂದ ನೋಡಿದಾಗ ಇವೆಲ್ಲವೂ ಒಂದೇ ಕಾರ್ಯದ ನಾನಾ ಅಂಗಗಳು. ನಾಲ್ಕು ತಿಂಗಳ ಮಳೆಗಾಲವು ಕಾಳಿನೊಳಕ್ಕೆ, ಗೋಡೆಯೊಳಕ್ಕೆ, ಹಾಸಿಗೆಯೊಳಕ್ಕೆ ತುಂಬಿದ ನೀರನ್ನು, ಜೀವಕ್ಕೆ ಹಾನಿಯಾಗದಂತೆ ಹೊರಕ್ಕೆ ತೆಗೆಯುವ ಕಾರ್ಯವದು. ಅದನ್ನು ನಡೆಸುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಮತ್ತು ಅವರು ಅದರಲ್ಲಿ ಗಳಿಸಿರುವ ಪರಿಣತಿಯು ಪ್ರಯೋಗಶಾಲೆಯ ಪರಿಣತಿಗೆ ಯಾವ ರೀತಿಯಿಂದಲೂ ಕಡಿಮೆಯದಲ್ಲವೆಂಬುದನ್ನು ತೋರಿಸುವುದೇ ಈ ಅಧ್ಯಾಯದ ಉದ್ದೇಶ.

ಮೊದಲು ಗಾಳಿಯ ವಿಷಯವನ್ನು ತಿಳಿದುಕೊಳ್ಳಬೇಕು. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ತಾಪದ ಒಂದು ಘನಮೀಟರ್ ಗಾಳಿಯು ಹೆಚ್ಚೆಂದರೆ 17 ಗ್ರಾಮಿನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 32 ಡಿಗ್ರಿಗೆ ಕಾದರೆ ಅದರ ಸಾಮರ್ಥ್ಯ 34 ಗ್ರಾಮಿನಷ್ಟಾಗುತ್ತದೆ. ಆಶ್ವಿನದ ನಸುಕಿನಲ್ಲಿ ಜೋಳದ ಎಲೆಗಳ ಮೇಲೆ ಮಂಜು ಬಿದ್ದಿದೆಯೆಂದರೆ ಆ ಹೊತ್ತಿನ ಗಾಳಿ ನೀರಾವಿಯಿಂದ ತುಂಬಿಹೋಗಿದೆಯೆಂದು ಅರ್ಥ. ಮಧ್ಯಾಹ್ನದ ಹೊತ್ತಿಗೆ ಅದೇ ಗಾಳಿ, ತನ್ನಲ್ಲಿರುವ ನೀರಿನ ಒಂದು ಹನಿಯನ್ನೂ ಕಳೆದುಕೊಳ್ಳದೆ, ಕೇವಲ ಕಾದುದರಿಂದಲೇ ಅರ್ಧ ಬರಿದಾದಂತಾಗಿ, ಸಿಕ್ಕಸಿಕ್ಕಲ್ಲಿಂದ ತೇವವನ್ನು ಹೀರತೊಡಗುತ್ತದೆ. ಶ್ರಾವಣದಲ್ಲಿ ಈ ಅಂತರವಿರುವುದಿಲ್ಲ; ಮೋಡವು ಹಗಲನ್ನು ತಂಪಾಗಿಯೂ ರಾತ್ರಿಯನ್ನು ಬೆಚ್ಚಗೂ ಇರಿಸುವುದರಿಂದ ಹಗಲಿರುಳುಗಳ ತಾಪ ಹತ್ತಿರಹತ್ತಿರ ಬಂದು, ಗಾಳಿ ಯಾವಾಗಲೂ ಮುಕ್ಕಾಲುಪಾಲು ತುಂಬಿಯೇ ಇರುತ್ತದೆ. ಮೋಡ ಹರಿದ ಮೇಲೆ ಹಗಲು ಕಾದು ಇರುಳು ತಣಿಯುತ್ತದೆ. ಒಣಗಿಸುವ ಕಾಲವು ಹುಟ್ಟುತ್ತದೆ. ಸಂಜೆ ನಾಲ್ಕಾಗುತ್ತಲೇ ಹರವಿದ ಕಾಳನ್ನು ಗುಡ್ಡೆ ಹಾಕಿ ಕಂಬಳಿಯನ್ನೋ ತಟ್ಟನ್ನೋ ಮುಚ್ಚುವ ಪದ್ಧತಿಗೆ ಕಾರಣವೂ ಇದೇ. ಹಗಲೆಲ್ಲ ನೀರು ಹೀರಿದ ಗಾಳಿಯೇ ಇರುಳಿನಲ್ಲಿ ತಣಿದು ಅದನ್ನು ಕಾಳಿಗೆ ಹಿಂದಿರುಗಿಸಲು ಬರುತ್ತದೆ.

ಹೆಸರಿನ ಸಂಗತಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮುಂಗಾರಿನಲ್ಲಿ ಬಿತ್ತಿದ ಈ ಬೆಳೆಯು ಅರವತ್ತೈದು ಎಪ್ಪತ್ತು ದಿನಗಳಲ್ಲಿಯೇ ಕಾಯಿ ಕಪ್ಪಾಗಿ ಕೊಯ್ಲಿಗೆ ಬರುತ್ತದೆ. ಎಂದರೆ ಈ ಸೀಮೆಯಲ್ಲಿ ಮಳೆ ಜೋರಾಗಿರುವ, ಹಸ್ತಕ್ಕೆ ಹಿಂದಿನ ಉತ್ತರೆ ಮಳೆಯ ಆಸುಪಾಸಿನಲ್ಲಿಯೇ ಅದನ್ನು ಮನೆಗೆ ತರಬೇಕಾಗುತ್ತದೆ. ಕೆಲವು ಬೀಜಗಳಿಗೆ ಬಲಿತ ಮೇಲೆ ಕೆಲವು ಕಾಲ ಎಷ್ಟು ನೀರು ತಾಗಿದರೂ ಮೊಳೆಯದಿರುವ ಸುಪ್ತಾವಸ್ಥೆಯುಂಟು. ಹೆಸರಿಗೆ ಆ ರಕ್ಷಣೆ ಬಹಳ ಕಡಿಮೆ. ಎರಡು ದಿನ ಬಿಡದೆ ಮಳೆ ಹಿಡಿದರೆ ಗಿಡದ ಮೇಲೆಯೇ, ಕಾಯಿಯ ಒಳಗೇ ಕಾಳು ಮೊಳಕೆಯೊಡೆಯುತ್ತದೆ. ಆದಕಾರಣ ಒಂದು ಬಿಸಿಲು ಕಂಡರೆ ಸಾಕು, ಹೊಲದಲ್ಲಿ ಬಿಡಿಸಿ, ತಂದು, ಹರವಿ, ಬಡಿದು, ತೂರುವ ಕೆಲಸವೆಲ್ಲ ಉಸಿರುಗಟ್ಟಿ ನಡೆಯುತ್ತದೆ.

ಆ ಬಳಿಕ ಮಾಳಿಗೆಯ ಮೇಲೆ ನಡೆಯುವ ಪರೀಕ್ಷೆಯನ್ನು ಹತ್ತಿರ ಕುಳಿತು ನೋಡಬೇಕು. ಅತ್ತೆಯು ಹರವಿನ ನಡುವಿನಿಂದ ನಾಲ್ಕು ಕಾಳು ಆರಿಸಿ ಒಂದನ್ನು ದವಡೆಯ ಹಲ್ಲಿನಡಿ ಇಟ್ಟು ಅದುಮುತ್ತಾಳೆ. ಕಾಳು ಸದ್ದಿಲ್ಲದೆ ಚಪ್ಪಟೆಯಾದರೆ ಸೊಸೆಯ ಕಡೆ ತಿರುಗಿ, ‘ಇನ್ನೊಂದ್ ಬಿಸಲ ಬೇಕವ್ವಾ’ ಎನ್ನುತ್ತಾಳೆ. ‘ಕಟ್’ ಎಂದು ಎರಡಾಗಿ ಒಡೆದರೆ ಚೀಲಕ್ಕೆ ತುಂಬಲು ಅಪ್ಪಣೆಯಾಗುತ್ತದೆ. ಕಾಳಿನೊಳಗಿನ ಪಿಷ್ಟವೂ ಸಸಾರಜನಕವೂ ನೀರಿನ ಅಂಶ ಹೆಚ್ಚಿದ್ದಾಗ ಬಾಗುವ, ಹಿಗ್ಗುವ ಗುಣವನ್ನು ಪಡೆದಿರುತ್ತವೆ. ನೀರು ಕಡಿಮೆಯಾಗುತ್ತ ಒಂದು ಮೇರೆಯನ್ನು ದಾಟಿದಾಗ ಗಾಜಿನಂತೆ ಬಿರುಸಾಗಿ ಸಿಡಿಯುತ್ತವೆ. ಪ್ರಯೋಗಶಾಲೆಯವರು ಒಲೆಯಲ್ಲಿ ಕಾಳನ್ನು ಒಣಗಿಸಿ, ಮೊದಲೂ ಕೊನೆಗೂ ತೂಗಿ, ಶೇಕಡ 10 ಎಂದು ಬರೆದುಕೊಳ್ಳುವ ಅಂಶವನ್ನು ಈ ತಾಯಿ ಹಲ್ಲಿನ ಸದ್ದಿನಿಂದ ಅರಿತುಕೊಳ್ಳುತ್ತಾಳೆ. ಅವಳು ಹೇಳುವ ‘ಬಿಸಿಲು’ ಕೂಡ ಒಂದು ಅಳತೆಯೇ. ಶೇಕಡ 18ರಷ್ಟು ನೀರಿರುವ ಒಂದು ಕ್ವಿಂಟಲ್ ಹೆಸರನ್ನು ಶೇಕಡ 10ಕ್ಕೆ ಇಳಿಸಬೇಕಾದರೆ ಸುಮಾರು ಒಂಬತ್ತು ಕಿಲೊಗ್ರಾಂ ನೀರನ್ನು ಆವಿಯಾಗಿಸಬೇಕು; ಅದಕ್ಕೆ ಬೇಕಾಗುವ ಶಾಖವು ವಿದ್ಯುತ್ತಿನ ಆರು ಯೂನಿಟ್ಟಿಗೆ ಸಮ. ನಿರಭ್ರವಾದ ದಿನವೊಂದರಲ್ಲಿ ಮಾಳಿಗೆಯ ಒಂದು ಚದರ ಮೀಟರಿನ ಮೇಲೆ ಸುಮಾರು ಅಷ್ಟೇ ಶಕ್ತಿಯನ್ನು ಸೂರ್ಯನು ಸುರಿಯುತ್ತಾನಾದರೂ, ಅದರ ಬಹುಭಾಗ ಮಣ್ಣಿಗೂ ಗಾಳಿಗೂ ಸೋರಿಹೋಗುವುದರಿಂದ, ಕಾಳನ್ನು ತೆಳುವಾಗಿ ಹರವಿ, ಗಂಟೆಗೊಮ್ಮೆ ಕಾಲಿನಿಂದ ಸಾಲು ಎಳೆದು ಮಗುಚಿ, ಎರಡು ಮೂರು ಬಿಸಿಲು ಕಾಯುವುದು ಅನಿವಾರ್ಯ.

ಈ ಕೆಲಸ ಎಷ್ಟು ಹಳೆಯದೆಂಬುದನ್ನು ನೆನೆದರೆ ಮನಸ್ಸು ತುಂಬುತ್ತದೆ. ಇದೇ ಜಿಲ್ಲೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ನಡೆಸಿದ ಉತ್ಖನನವು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ದನಗಾಹಿಗಳ ನೆಲೆಯೊಂದನ್ನು ಬೆಳಕಿಗೆ ತಂದಿತು. ಅಲ್ಲಿರುವ ಬೂದಿಯ ದಿಬ್ಬವು ತಲೆತಲಾಂತರ ಕೂಡಿಹಾಕಿ ಸುಟ್ಟ ಸಗಣಿಯ ರಾಶಿ. ಆ ಯುಗದ ದಕ್ಷಿಣ ಭಾರತದ ನೆಲೆಗಳಲ್ಲಿ ದೊರೆತ ಕರಕಾದ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ವಿದ್ವಾಂಸರು ಅಂದಿನ ಜನರ ಮುಖ್ಯ ದ್ವಿದಳಗಳು ಹೆಸರು ಮತ್ತು ಹುರಳಿಯೆಂದು ನಿರ್ಣಯಿಸಿದ್ದಾರೆ. ಇಂದು ನಮಗೆ ಪ್ರಾಣಪದಕವಾಗಿರುವ ಜೋಳವು ಅನಂತರ ಆಫ್ರಿಕದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿಗಳು ಕಳೆದ ಐದು ಶತಮಾನಗಳೊಳಗೆ ಅಮೆರಿಕ ಖಂಡಗಳಿಂದ ಬಂದವು. ಹೆಸರಾದರೋ ಆಗಲೂ ಇದೇ ಬಿಸಿಲಿನಲ್ಲಿ ಒಣಗಿರಬೇಕು.

ಒಣಗಿದ ಕಾಳಿಗೆ ಬೂಷ್ಟು ಹಿಡಿಯದು. ಶಿಲೀಂಧ್ರಗಳಿಗೆ ಬೇಕಾದ ನೀರು ಅದರಲ್ಲಿಲ್ಲ. ಆದರೆ ನುಸಿಯನ್ನು ಶುಷ್ಕತೆಯೊಂದೇ ತಡೆಯಲಾರದು. ಕಾಳು ಕೊರೆಯುವ ಈ ಪುಟ್ಟ ದುಂಬಿಗೆ, ಜೀವಶಾಸ್ತ್ರಜ್ಞರು ಕ್ಯಾಲೊಸೊಬ್ರುಕಸ್ ಎಂದು ಹೆಸರಿಟ್ಟಿರುವ ಪ್ರಾಣಿಗೆ, ಬೆಳೆದ ಮೇಲೆ ಆಹಾರವೇ ಬೇಡ. ಅದರ ಒಂದೆರಡು ವಾರದ ಆಯುಷ್ಯವೆಲ್ಲ ಮೊಟ್ಟೆಯಿಡುವುದಕ್ಕೆ ಮೀಸಲು. ಹೆಸರಿನ ಹಸಿರು ಸಿಪ್ಪೆಯ ಮೇಲೆ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಬಿಳಿಯ ಚುಕ್ಕೆಯೊಂದು ಅಂಟಿಕೊಂಡಿದ್ದರೆ ಅದು ಒಡೆದ ಮೊಟ್ಟೆ. ಅದರೊಳಗಿನ ಮರಿಯು ಹೊರಗಿನ ಬೆಳಕನ್ನು ಕಾಣುವುದೇ ಇಲ್ಲ; ಮೊಟ್ಟೆಯ ತಳದಿಂದ ನೇರವಾಗಿ ಕಾಳಿನೊಳಕ್ಕೆ ಕೊರೆದು, ತಾನು ಕೊರೆದ ಪುಡಿಯನ್ನು ಖಾಲಿ ಚಿಪ್ಪಿಗೆ ತುಂಬುವುದರಿಂದಲೇ ಆ ಚುಕ್ಕೆಗೆ ಬಿಳುಪು. ಮೂರು ನಾಲ್ಕು ವಾರ ಒಳಗೇ ತಿಂದು ಬೆಳೆದು, ಸಿಪ್ಪೆಯಲ್ಲಿ ದುಂಡನೆಯ ಕಿಂಡಿಯನ್ನು ಕೊರೆದು ಅದು ಹೊರಬೀಳುತ್ತದೆ. ಒಂದು ಹೆಣ್ಣು ನೂರರವರೆಗೂ ಮೊಟ್ಟೆಯಿಡಬಲ್ಲುದಾದ್ದರಿಂದ, ಅವುಗಳಲ್ಲಿ ನಲವತ್ತು ಹೆಣ್ಣಾಗಿ ಉಳಿದರೂ ಮೂರೇ ಪೀಳಿಗೆಗಳಲ್ಲಿ ಅರವತ್ತು ಸಾವಿರ ದಾಟುವ ಲೆಕ್ಕವಾಯಿತು. ದೀಪಾವಳಿಗೆ ತುಂಬಿದ ಚೀಲ ಸಂಕ್ರಾಂತಿ ಕಳೆದ ಮೇಲೆ ಹಿಟ್ಟಿನ ಚೀಲವಾಗಿರುವುದು ಹೀಗೆ. 57 ಡಿಗ್ರಿ ತಾಪದಲ್ಲಿ ಒಂದು ಗಂಟೆಯಿದ್ದರೆ ಮೊಟ್ಟೆ ಮರಿಗಳೆಲ್ಲ ಸಾಯುತ್ತವೆಂದು ಪ್ರಯೋಗಗಳು ತೋರಿಸಿವೆ. ಆದರೆ ಆಶ್ವಿನದ ಬಿಸಿಲು ಬರಿಯ ಮಾಳಿಗೆಯ ಮೇಲೆ ಕಾಳನ್ನು ಅಷ್ಟು ಕಾಯಿಸುವುದೆಂಬ ಭರವಸೆಯಿಲ್ಲ.

ಆದ್ದರಿಂದಲೇ ಬೂದಿ. ಕುಳ್ಳು ಕಟ್ಟಿಗೆಗಳನ್ನು ಉರಿಸಿದ ಒಲೆಯ ಬೂದಿಯನ್ನು ನಯವಾಗಿ ಜರಡಿ ಹಿಡಿದು ಕಾಳಿಗೆ ಧಾರಾಳವಾಗಿ ಬೆರೆಸಿದಾಗ, ಅದು ಕಾಳುಗಳ ನಡುವಿನ ಸಂದುಗಳನ್ನು ತುಂಬಿ ದುಂಬಿಯ ಸಂಚಾರಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಹೊರಬಂದ ದುಂಬಿಗೆ ಸಂಗಾತಿ ಸಿಗುವುದು ದುರ್ಲಭವಾಗುತ್ತದೆ. ಅಲ್ಲದೆ ಕೀಟದ ಮೈಗೆ ಮೇಣದ ಒಂದು ಅತಿ ತೆಳುವಾದ ಲೇಪವುಂಟು, ಅದರ ಮೈಯ ನೀರು ಹೊರಗೆ ಹೋಗದಂತೆ ಕಾಯುವುದು ಅದೇ. ಬೂದಿಯ ಕಣಗಳು ಅದನ್ನು ಉಜ್ಜಿ ಕೆಡಿಸುತ್ತವೆ, ಕೀಟವು ಒಣಗಿ ಸಾಯುತ್ತದೆ. ಕೆಮ್ಮಣ್ಣಿನ ರಾಡಿಯಲ್ಲಿ ತೊಗರಿಯನ್ನು ಹೊರಳಿಸಿ ಒಣಗಿಸುವ ಪದ್ಧತಿಯು ಮೊಟ್ಟೆ ಅಂಟುವ ನುಣುಪಾದ ಮೈಯನ್ನೇ ಮುಚ್ಚಿಬಿಡುತ್ತದೆ. ಔಡಲ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಕಾಳನ್ನು ತಿಕ್ಕುವ ಗೃಹಿಣಿಯು, ಮೊಟ್ಟೆಯ ಮೇಲೆ ಎಣ್ಣೆಯ ಪೊರೆಯೆಳೆದು ಒಳಗಿನ ಜೀವಕ್ಕೆ ಉಸಿರಾಟವನ್ನು ತಪ್ಪಿಸುತ್ತಾಳೆ. ಕಾಳನ್ನು ಒಡೆದು ಬೇಳೆ ಮಾಡಿಟ್ಟರಂತೂ ಈ ದುಂಬಿಗೆ ಮೊಟ್ಟೆಯಿಡಲು ಒಪ್ಪುವ ದುಂಡನೆಯ ಮೈಯೇ ಇಲ್ಲದಾಗುತ್ತದೆ. ಈ ಉಪಾಯಗಳಲ್ಲಿ ವಿಷವೆಂಬುದು ಎಲ್ಲಿಯೂ ಇಲ್ಲ. ಮಕ್ಕಳು ತಿನ್ನುವ ಕಾಳಿಗೆ ಮಾತ್ರೆಗಳ ವಿಷಧೂಮವನ್ನು ಹಾಕುವ ಮನೆಗಳು ಇವನ್ನು ಮರೆಯಬಾರದೆಂದು ನನ್ನ ಮನಃಪೂರ್ವಕವಾದ ಬಯಕೆ.

ಶೇಂಗಾದ ಮಾತು ಬಂದಾಗ ಸ್ವಲ್ಪ ಗಂಭೀರರಾಗಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳ ಮೇವಿನಲ್ಲಿ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಿತ್ತು. ಆ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಸ್ರವಿಸಿದ ವಿಷವಿತ್ತು. ಅಫ್ಲಟಾಕ್ಸಿನ್ ಎಂಬ ಆ ವಿಷವು ಯಕೃತ್ತನ್ನು ಕೆಡಿಸುತ್ತದೆ, ದೀರ್ಘಕಾಲ ಸೇವಿಸಿದರೆ ಅರ್ಬುದಕ್ಕೂ ಕಾರಣವಾಗುತ್ತದೆ; ಮನೆಯ ಬಾಣಲೆಯಲ್ಲಿ ಹುರಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಈ ಶಿಲೀಂಧ್ರವು ನೆಲದಲ್ಲಿಯೇ ಇರುತ್ತದೆ. ಶೇಂಗಾ ಕಾಯಿಯು ನೆಲದೊಳಗೆ ಬಲಿಯುವಂಥದಾದ್ದರಿಂದ ಕೀಳುವಾಗಲೇ ಅದು ಜೊತೆಗೆ ಬಂದಿರುವ ಸಂಭವವುಂಟು. ಕಾಯಿಯನ್ನು ಹಸಿಯಾಗಿಯೇ ರಾಶಿ ಹಾಕಿದರೆ ಒಳಗಿನ ಬೆಚ್ಚನೆಯ ತೇವದಲ್ಲಿ ಹಬ್ಬುತ್ತದೆ. ಗಿಡಗಳನ್ನು ಬೇರು ಮೇಲಾಗಿ, ಕಾಯಿಗಳು ಗಾಳಿಗೆ ತೆರೆದಿರುವಂತೆ ಹರವಿ, ಕಾಯಿಯನ್ನು ಕಿವಿಯ ಬಳಿ ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡುವವರೆಗೆ ಕಾಯುವ ರೂಢಿಯು ಬೀಜದ ನೀರನ್ನು ಶೇಕಡ 8ರ ಸಮೀಪಕ್ಕೆ ಇಳಿಸುತ್ತದೆ. ಅಲ್ಲಿ ಬೂಷ್ಟು ಬೆಳೆಯಲಾರದು. ಅನಂತರ ಊಟಕ್ಕೆ ಶೇಂಗಾ ಚಟ್ನಿಪುಡಿ ಕುಟ್ಟುವ ಮುನ್ನ ಮೊರದಲ್ಲಿ ಬೀಜವನ್ನು ಹರಡಿ, ಸುಕ್ಕಾದುದನ್ನು, ಬಣ್ಣಗೆಟ್ಟುದನ್ನು, ಮುಗ್ಗು ಹಿಡಿದುದನ್ನು ಬೆರಳಿನಿಂದ ಎತ್ತಿ ಎಸೆಯುವ ಕೆಲಸವನ್ನು ಯಾರೂ ಕ್ಷುಲ್ಲಕವೆಂದು ತಿಳಿಯದಿರಲಿ. ಈ ವಿಷವು ರಾಶಿಯಲ್ಲೆಲ್ಲ ಸಮವಾಗಿ ಹರಡಿರುವುದಿಲ್ಲ, ಕೆಲವೇ ಕೆಟ್ಟ ಬೀಜಗಳಲ್ಲಿ ಸಾಂದ್ರವಾಗಿರುತ್ತದೆ; ಒಂದು ಹಿಡಿ ಕೆಟ್ಟ ಬೀಜವನ್ನು ತೆಗೆದೊಗೆದರೆ ವಿಷದ ಬಹುಪಾಲನ್ನೇ ತೆಗೆದೊಗೆದಂತೆ. 1972ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾಗಿ, ನಮ್ಮ ಜೋಳ, ತೊಗರಿ, ಶೇಂಗಾಗಳ ಮೇಲೆಯೇ ದುಡಿಯುತ್ತ ಬಂದಿರುವ ಇಕ್ರಿಸ್ಯಾಟ್ ಸಂಸ್ಥೆಯವರು ರೈತರಿಗೆ ಕೊಡುವ ಬುದ್ಧಿವಾದದಲ್ಲಿಯೂ ಬೇಗ ಒಣಗಿಸುವುದು, ಕೆಟ್ಟುದನ್ನು ಆರಿಸಿ ತೆಗೆಯುವುದು ಸೇರಿವೆ.

ಹಿತ್ತಲಿನಲ್ಲಿ ಕೆಲಸ ಹಗುರ. ಚವಳಿಕಾಯಿ, ಹಾಗಲಕಾಯಿಗಳನ್ನು ಹೆಚ್ಚಿ ಉಪ್ಪು ಹಾಕಿದರೆ ಉಪ್ಪು ಅಭಿಸರಣದಿಂದ ನೀರನ್ನು ಹೊರಗೆಳೆಯುತ್ತದೆ, ಬಿಸಿಲು ಅದನ್ನು ಒಯ್ಯುತ್ತದೆ. ಪುಂಡಿಯ ಗಿಡ ಮಾತ್ರ ಗೃಹಿಣಿಯನ್ನು ಅವಸರಪಡಿಸುತ್ತದೆ. ಸೆಪ್ಟೆಂಬರ್ 22-23ರ ವಿಷುವದ ಬಳಿಕ ಇರುಳು ಹಗಲಿಗಿಂತ ದೀರ್ಘವಾಗುತ್ತಲೇ ಅದು ಎಲೆ ಬಿಡುವುದನ್ನು ತಗ್ಗಿಸಿ ಹೂವಿಗೆ ತೊಡಗುತ್ತದೆ. ಎಲೆ ಒರಟಾಗಿ, ಕಾಂಡ ನಾರಾಗುತ್ತದೆ. ಗಿಡಗಳು ಹೀಗೆ ಹಗಲಿನ ಉದ್ದಕ್ಕೆ ತಕ್ಕಂತೆ ಹೂಬಿಡುತ್ತವೆಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕನ್ ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪಿನ ಗಿಡದ ಮೇಲಿನ ಪ್ರಯೋಗಗಳಿಂದ ಸ್ಥಾಪಿಸಿದರು. ಮಹಾನವಮಿಯೊಳಗೆ ಪುಂಡಿಪಲ್ಯದ ಎಳೆಯ ಸೊಪ್ಪನ್ನು ಬಳಸಿ ಮುಗಿಸಬೇಕೆನ್ನುವ ಅಡುಗೆಮನೆಯ ತಿಳಿವಳಿಕೆ ಆ ತತ್ತ್ವಕ್ಕೆ ಎಲ್ಲ ವಿಧದಲ್ಲೂ ಹೊಂದುತ್ತದೆ.

ಮಹಾನವಮಿಗೆ ಮುಂಚೆ ಮನೆಯಲ್ಲಿರುವ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೆ ಹೋಗಿ ಬರುತ್ತವೆ. ಹಳೆಯ ಸೀರೆಗಳ ಪದರುಗಳನ್ನು ಒಟ್ಟುಗೂಡಿಸಿ ಹೊಲಿದ ಕೌದಿಯು ಮಳೆಗಾಲದಲ್ಲಿ ಬೆವರನ್ನೂ ತೇವವನ್ನೂ ಹೀರಿ ಭಾರವಾಗಿರುತ್ತದೆ. ಮನುಷ್ಯನ ಮೈಯಿಂದ ಉದುರಿದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳುನುಸಿಗಳು ಅದರಲ್ಲಿ ತುಂಬಿರುತ್ತವೆ. ಇವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತವೆ. ಸುತ್ತಲಿನ ಆರ್ದ್ರತೆಯು ಶೇಕಡ 50ಕ್ಕಿಂತ ಕೆಳಗಿಳಿದು ಹಾಗೆಯೇ ನಿಂತರೆ ಅವು ಬದುಕಲಾರವು. ದಮ್ಮಿನ ರೋಗಿಗಳಿರುವ ಮನೆಯಲ್ಲಿ ಹೀಗೆ ಒಗೆದು ಬಿಸಿಲಿಗೆ ಹಾಕುವುದು ಉಪಕಾರವನ್ನು ಮಾಡಬಲ್ಲದು.

ಗೋಡೆಗೆ ಬಳಿಯುವ ಸುಣ್ಣದ ಕಥೆಯು ಈ ನಾಡಿನ ನೆಲದೊಳಗಿಂದಲೇ ಬಂದದ್ದು. ಕಲಬುರಗಿ ಯಾದಗಿರಿಗಳ ಭೀಮಾ ತೀರದ ಅಡಿಯಲ್ಲಿ, ಶಹಾಬಾದದ ಹಾಸುಗಲ್ಲೆಂದು ನಮ್ಮ ಮನೆಗಳ ನೆಲದಲ್ಲಿ ಹರಡಿರುವ ಸುಣ್ಣಶಿಲೆಯು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಒಂದು ಆಳವಿಲ್ಲದ ಕಡಲಿನಲ್ಲಿ ಸಂಚಯಗೊಂಡದ್ದು. ಇಂಥ ಶಿಲೆಯನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲಾಮ್ಲ ಹೊರಟುಹೋಗಿ ಸುಣ್ಣದ ಹರಳು ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಹಸಿಯ ಸುಣ್ಣದ ತೀಕ್ಷ್ಣ ಕ್ಷಾರತೆಯಲ್ಲಿ ಬೂಷ್ಟೂ ಸೂಕ್ಷ್ಮಜೀವಿಗಳೂ ಉಳಿಯುವುದಿಲ್ಲ. ಜೊತೆಗೆ, ಒಣಗಿದ ಸುಣ್ಣದ ಪೊರೆಗೆ ಸೂಕ್ಷ್ಮರಂಧ್ರಗಳಿರುವುದರಿಂದ ಮಳೆ ಕುಡಿದ ಮಣ್ಣಿನ ಗೋಡೆ ಅದರ ಮೂಲಕ ತೇವವನ್ನು ಬಿಡುತ್ತಲೇ ಇರಬಲ್ಲದು. ಎಣ್ಣೆಬಣ್ಣ ಬಳಿದ ಮಣ್ಣಿನ ಗೋಡೆಯು ಈ ದಾರಿಯನ್ನು ಕಳೆದುಕೊಂಡು ಒಳಗೊಳಗೇ ಕೊಳೆತು ಹಕ್ಕಳೆ ಏಳುವುದನ್ನು ಹಲವು ಊರುಗಳಲ್ಲಿ ಕಂಡಿದ್ದೇನೆ.

ಹಿಂದಿನ ಹಿಂಗಾರಿನ ಜೋಳವನ್ನು ಬೇಸಗೆಯಲ್ಲಿ ತುಂಬಿ ಮುಚ್ಚಿದ ಹಗೇವನ್ನು ತೆರೆಯುವ ಕಾಲವೂ ಇದೇ ಆಗಿತ್ತು. ಗಟ್ಟಿನೆಲದಲ್ಲಿ ಆಳುದ್ದಕ್ಕೂ ಮಿಗಿಲಾಗಿ ತೋಡಿದ, ಬಾಯಿ ಕಿರಿದಾದ ಗುಂಡಿ. ಒಳಗೆಲ್ಲ ಕಣಿಕೆಯ, ಹೊಟ್ಟಿನ ಮೆತ್ತೆ. ಮೇಲೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಜೋಳದ ಕಾಳು ಒಣಗಿದ್ದರೂ ಜೀವಂತವಾದದ್ದು. ಅದು ಅತಿ ನಿಧಾನವಾಗಿ ಉಸಿರಾಡುತ್ತದೆ, ಅದರೊಡನೆ ಸಿಕ್ಕಿಬಿದ್ದ ಹುಳುಗಳು ಬೇಗ ಬೇಗ ಉಸಿರಾಡುತ್ತವೆ. ಹೊರಗಿನ ಗಾಳಿಯ ಸಂಪರ್ಕವಿಲ್ಲದ ಆ ಗರ್ಭದಲ್ಲಿ ಆಮ್ಲಜನಕವು ಕ್ರಮೇಣ ತೀರಿ ಇಂಗಾಲಾಮ್ಲ ತುಂಬುತ್ತದೆ; ಆಮ್ಲಜನಕವು ಶೇಕಡ 2-3ಕ್ಕೆ ಇಳಿಯುವ ಹೊತ್ತಿಗೆ ಹುಳುಗಳು ತಾವೇ ಉಂಟುಮಾಡಿದ ಗಾಳಿಯಲ್ಲಿ ಸಾಯುತ್ತವೆ. ಕಾಳಿನ ರಕ್ಷಣೆಗೆ ಕಾರಣವಾದ ಇದೇ ಗಾಳಿ ಮನುಷ್ಯನಿಗೆ ಮೃತ್ಯು. ಆದುದರಿಂದ ಹಿರಿಯರು ಹಗೇವಿನ ಬಾಯನ್ನು ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ದೀಪವನ್ನು ಹಗ್ಗದಿಂದ ಒಳಗಿಳಿಸಿ, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಆಮ್ಲಜನಕವು ಶೇಕಡ 16ರ ಸುಮಾರಿಗೆ ಇಳಿದಾಗಲೇ ದೀಪ ಆರುವುದರಿಂದ ಇದು ಒಳ್ಳೆಯ ಎಚ್ಚರಿಕೆಯೇ ಸರಿ. ಆದರೆ ಇಂಗಾಲಾಮ್ಲವು ಗಾಳಿಗಿಂತ ಒಂದೂವರೆ ಪಾಲು ಭಾರವಾಗಿ ತಳದಲ್ಲಿ ನಿಲ್ಲುವಂಥದು, ದೀಪ ಉರಿಯುತ್ತಿರುವಾಗಲೂ ಅಪಾಯಕರವಾದ ಪ್ರಮಾಣದಲ್ಲಿ ಇರಬಲ್ಲದು. ಹಳೆಯ ಹಗೇವನ್ನು ಇಂದು ಯಾರಾದರೂ ತೆರೆಯುವುದಾದರೆ ದೀಪವೊಂದನ್ನೇ ನಂಬಿ ಇಳಿಯಕೂಡದು. ಈಗ ಹಗೇವುಗಳು ಬಹುಮಟ್ಟಿಗೆ ಹೂತುಹೋಗಿವೆ. ಆದರೆ 1980ರ ದಶಕದ ಕೊನೆಗೆ ಆಫ್ರಿಕದ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ರೂಪಿಸಿದ ಮೂರು ಪದರಿನ ಗಾಳಿಯಾಡದ ಚೀಲವು ಇದೇ ತತ್ತ್ವದಿಂದ, ವಿಷವಿಲ್ಲದೆ ನುಸಿಯನ್ನು ಕೊಲ್ಲುತ್ತದೆ. ಹಗೇವನ್ನು ತೋಡಲಾಗದ ಇಂದಿನ ಮನೆಗಳಿಗೆ ಅದು ಒಪ್ಪುವ ವಸ್ತು.

ಇಷ್ಟರ ನಡುವೆ ಬೀಜವನ್ನು ಬೇರೆ ತೆಗೆದಿಡಬೇಕು. ನವರಾತ್ರಿಯ ಮೊದಲ ದಿನ ಅನೇಕ ಮನೆಗಳಲ್ಲಿ ದೇವರ ಮುಂದೆ ಘಟವನ್ನಿಟ್ಟು, ಸುತ್ತಲೂ ಮಣ್ಣು ಹಾಕಿ ಜೋಳ ಮೊದಲಾದ ಧಾನ್ಯಗಳನ್ನು ಬಿತ್ತುತ್ತಾರೆ. ದೇವರ ಕೋಣೆಯ ಮಬ್ಬಿನಲ್ಲಿ ಬೆಳೆದ ಸಸಿಗಳು ವಿಜಯದಶಮಿಗೆ ಹಳದಿಯಾಗಿಯೇ ಇರುತ್ತವೆ. ಎಲೆಯ ಹಸಿರು ಸಿದ್ಧವಾಗುವ ಕೊನೆಯ ಹೆಜ್ಜೆಗೆ ಬೆಳಕು ಬೇಕು. ಭಕ್ತಿಯ ಅರ್ಥವನ್ನು ಭಕ್ತರಿಗೆ ಬಿಟ್ಟು ನೋಡಿದರೂ, ಹಿಂಗಾರಿ ಜೋಳವನ್ನು ಬಿತ್ತುವ ದಿನಗಳಲ್ಲಿಯೇ ಮನೆಯ ಬೀಜ ಎಷ್ಟು ಮೊಳೆಯುತ್ತದೆಂಬುದು ಎಲ್ಲರ ಕಣ್ಣೆದುರಿಗೆ ಬರುತ್ತದೆ. ಕರಿಯ ಎರೆಮಣ್ಣು ಮಳೆಯಲ್ಲಿ ಕುಡಿದು ಹಿಡಿದಿಟ್ಟುಕೊಂಡ ನೀರಿನ ಮೇಲೆಯೇ ಆ ಜೋಳ ಬೆಳೆಯಬೇಕಾದ್ದರಿಂದ, ಮೊಳೆಯದ ಬೀಜಕ್ಕೆ ಎರಡನೆಯ ಅವಕಾಶವಿಲ್ಲ.

ಅತ್ತ ಹೊಲದಲ್ಲಿ ತೊಗರಿಯು ಇರುಳಿನ ಉದ್ದವನ್ನು ಗ್ರಹಿಸಿ ಹಳದಿಯ ಹೂವಿಗೆ ಬರುತ್ತಿರುತ್ತದೆ. ಅದು ಮನೆಗೆ ಬರುವುದು ಪುಷ್ಯದ ಸುಮಾರಿಗೆ. ನುಸಿಯ ದುಂಬಿಯಾದರೋ ಅದಕ್ಕೂ ಮೊದಲೇ, ಹೊಲದಲ್ಲಿ ಒಣಗುತ್ತಿರುವ ಕಾಯಿಯ ಮೇಲೆಯೇ ಮೊಟ್ಟೆಯಿಟ್ಟಿರುತ್ತದೆ. ಆಗ ಬೇಕಾಗುವ ಬೂದಿಯನ್ನು ಅನುಭವವುಳ್ಳ ಮನೆಗಳಲ್ಲಿ ಈಗಿನಿಂದಲೇ ದಿನಕ್ಕಿಷ್ಟು ಜರಡಿ ಹಿಡಿದು, ತೇವ ತಾಗದಂತೆ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಡುತ್ತಾರೆ.